ಮಹಾನಂದಾಳ ಇಪ್ಪತ್ತಮೂರು ಪಾದ

ಆ ದಿನ ರಿಲೇ ತಂಡದ ಮೂರನೇ ಓಟಗಾರ್ತಿ ಮಹಾನಂದಾಳ ಗುರುತನ್ನು ಟ್ರ್ಯಾಕಿನ ಮೇಲೆ ಅಂಟಿಸಿದವನು ನಾನೇ. ಇಷ್ಟರ ಬಗ್ಗೆ ಅನುಮಾನವಿಲ್ಲ. ಆಮೇಲೆ ಮಹಾನಂದಾ ಬಂದು ಅದನ್ನು ತಾನೇ ಇನ್ನೊಮ್ಮೆ ಅಳೆದಳೋ ಇಲ್ಲವೋ ಎಂಬುದನ್ನು ಮಾತ್ರ ನನ್ನ ನೆನಪಿನಿಂದ ಹೇಳಲಾರೆ. ನನ್ನ ತಲೆಯಲ್ಲಿ ಎರಡು ನೆನಪುಗಳಿವೆ. ಒಂದರಲ್ಲಿ ಅವಳು ಬಗ್ಗಿ, ಹಿಮ್ಮಡಿಗೆ ಬೆರಳು ಹಚ್ಚಿ, ಪಾದದ ಮುಂದೆ ಪಾದ ಇಟ್ಟು ಎಣಿಸುತ್ತಿದ್ದಾಳೆ. ಇನ್ನೊಂದರಲ್ಲಿ ಓಡುತ್ತ ಬಂದು ಸುಮ್ಮನೆ ತನ್ನ ಜಾಗದಲ್ಲಿ ನಿಂತುಬಿಡುತ್ತಾಳೆ. ಎರಡೂ ಅಷ್ಟೇ ಸ್ಪಷ್ಟ. ಎರಡೂ ನಿಜವಾಗಿರಲು ಸಾಧ್ಯವಿಲ್ಲ. ಮೊದಲನೆಯದನ್ನು ನಾನು ನನ್ನ ನೆಮ್ಮದಿಗಾಗಿ ಕಟ್ಟಿಕೊಂಡಿರಬಹುದು.

ಆ ಗುರುತು ತಪ್ಪಾಗಿದ್ದರೆ ತಪ್ಪು ನನ್ನದು. ಸರಿಯಾಗಿದ್ದರೆ ಅವಳದು. ಕಾಗದದ ಮೇಲೆ ಸುಮಾರು ಮೂವತ್ತು ವರ್ಷಗಳಿಂದ ಅದು ಅವಳದೇ ಆಗಿದೆ. ಹಾಗೆಂದು ಬರೆದವನು ನಾನು. ಆ ಒಂದು ಸಾಲಿನಿಂದ ಅವಳಿಗೆ ಸಿಗಬೇಕಾಗಿದ್ದ ನೌಕರಿ ಸಿಗಲಿಲ್ಲ.

ಕೋಚಿಂಗ್ ಕೋರ್ಸ್ ಮುಗಿಸಿ ಹೊಸದಾಗಿ ಮೈದಾನಕ್ಕೆ ಬರುವ ಹುಡುಗ ಹುಡುಗಿಯರಿಗೆ ಕೆಲಸದ ಅನುಭವ ಬರೆದುಕೊಡಿ ಎಂದು ಕೆಲವರು ಕೇಳುತ್ತಿದ್ದಾರೆ. ನಾನು ಹೈದರಾಬಾದಿನಲ್ಲಿ ಮೂರು ದಶಕಗಳ ಮೇಲೆ ಅಥ್ಲೆಟಿಕ್ಸ್ ಕೋಚ್ ಆಗಿದ್ದೆ. ಅದಕ್ಕೂ ಮುಂಚೆ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿ, ಎರಡು ವರ್ಷ ಕಾಲೇಜಿನಲ್ಲಿ ಪಾಠ ಹೇಳಿ, ಕೂತಲ್ಲಿ ಕೂರಲಾಗದೆ ಮೈದಾನಕ್ಕೆ ಬಂದವನು. ಬಡ್ತಿ, ಸನ್ಮಾನ, ಶಾಲುಗಳ ವಿಷಯ ಬಿಡುತ್ತೇನೆ. ಅವುಗಳಿಂದ ಯಾರೂ ಏನೂ ಕಲಿಯುವುದಿಲ್ಲ. ಈ ಒಬ್ಬ ಹುಡುಗಿಯ ವಿಷಯ ಬರೆದರೆ ಕೆಲಸದ ಮುಕ್ಕಾಲು ಪಾಲು ಬಂದಂತೆಯೇ.

ಮಹಾನಂದಾಳನ್ನು ನಾನು ಮೊದಲು ನೋಡಿದ್ದು ಸನತ್‌ನಗರದ ಒಂದು ಶಾಲೆಯ ಕ್ರೀಡಾಕೂಟದಲ್ಲಿ. ಕಾರ್ಖಾನೆ ಕ್ವಾರ್ಟರ್ಸಿನ ಮಕ್ಕಳು, ಕೆಂಪು ಮಣ್ಣಿನ ಬಯಲು, ಸುಣ್ಣದ ಗೆರೆ. ಅವಳು ಬರಿಗಾಲಲ್ಲಿ ಓಡಿ ಎಲ್ಲರಿಗಿಂತ ಮುಂದೆ ಬಂದು, ದಾರ ಹರಿದ ಮೇಲೂ ನಿಲ್ಲದೆ ಕಾಂಪೌಂಡ್ ಗೋಡೆಯವರೆಗೆ ಓಡಿದಳು. ಈ ಕಥೆಯನ್ನು ಎಷ್ಟೋ ಸಭೆಗಳಲ್ಲಿ ಹೇಳಿದ್ದೇನೆ. ಅದು ನಿಜವಲ್ಲ ಎಂದು ಇತ್ತೀಚೆಗೆ ತಿಳಿಯಿತು. ಅದನ್ನು ಮುಂದೆ ಹೇಳುತ್ತೇನೆ.

ಅವಳ ತಂದೆ ಬಸಣ್ಣ ಲಿಂಗಸುಗೂರ ಕಡೆಯವರು. ಸನತ್‌ನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಮಷೀನ್ ಮೇಲೆ ಕೆಲಸ. ನಮ್ಮ ಮನೆಯವರೂ ರಾಯಚೂರ ಕಡೆಯವರೇ ಎಂದು ಗೊತ್ತಾದಾಗ ಅವರ ಮುಖ ಸಡಿಲಾಯಿತು.

"ಓಡಿದ್ರ ಮುಂದ ಏನ್ರಿ, ಸರ?" ಎಂದರು.

"ಒಂದು ಮೆಡಲ್ ಬಂದ್ರ ಸ್ಪೋರ್ಟ್ಸ್ ಕೋಟಾದಾಗ ನೌಕರಿ ಸಿಗ್ತೈತ್ರಿ. ಸರ್ಕಾರಿ ನೌಕರಿ."

"ಖರೇನ?"

"ಖರೇನ."

"ಹಂಗಾರ ಆತ್ರಿ. ಓದಿದವರು ನೀವು. ನೀವ ಹೇಳಿದಮ್ಯಾಲ ನಾ ಏನ್ ಕೇಳೋದೈತಿ?"

ಆ ಮಾತನ್ನು ನಾನು ಎಷ್ಟು ಸಲೀಸಾಗಿ ಆಡಿದೆ ಎಂದು ಈಗ ಯೋಚಿಸಿದರೆ ಸುಸ್ತಾಗುತ್ತದೆ. ಹೊಸ ಕೋಚುಗಳು ಮೊದಲು ಗಮನಿಸಬೇಕಾದದ್ದು ಇದು. ತಂದೆ ತಾಯಿಗೆ ನೀವು ಏನು ಹೇಳುತ್ತೀರೋ ಅದನ್ನು ಅವರು ಮರೆಯುವುದಿಲ್ಲ, ನೀವು ಮರೆಯುತ್ತೀರಿ.

ಮರುವರ್ಷದಿಂದ ಅವಳು ಬೆಳಿಗ್ಗೆ ಐದೂವರೆ ಬಸ್ಸಿಗೆ ನಗರದ ಸ್ಟೇಡಿಯಂಗೆ ಬರತೊಡಗಿದಳು. ನೂರು ಮೀಟರ್, ಇನ್ನೂರು ಮೀಟರ್. ಒಂದು ಜಿಲ್ಲಾ ಕೂಟದಲ್ಲಿ ಅವಳು ಓಡಿದ ನೂರು ಮೀಟರಿನ ಸಮಯ ನೋಡಿ ಎಲ್ಲರೂ ಕುಣಿದಾಡಿದೆವು. ಮೂರು ಗಡಿಯಾರಗಳಲ್ಲಿ ಎರಡು ಒಂದೇ ಸಂಖ್ಯೆ ತೋರಿಸುತ್ತಿದ್ದವು. ನಾನು ಅದನ್ನು ಡೈರಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದುಕೊಂಡೆ. ಅವಳು ಹತ್ತಿರ ಬಂದು ನಿಂತಳು.

"ಸರ, ನಾ ಅಷ್ಟು ಜೋರ ಓಡಿಲ್ರಿ."

"ಗಡಿಯಾರ ಹೇಳಾಕತ್ತೈತಲ್ಲ."

"ಗಡಿಯಾರಕ್ಕ ಕಾಲೈತೇನ್ರಿ? ನನ್ನ ಕಾಲು ಹೇಳಾಕತ್ತಾವ, ಇವತ್ತು ಸುಮಾರ ಓಟ."

ಆಮೇಲೆ ವಿಚಾರಿಸಿದರೆ ಆ ಇಬ್ಬರು ಟೈಮ್‌ಕೀಪರುಗಳೂ ಪಿಸ್ತೂಲಿನ ಹೊಗೆ ನೋಡಿ ಗಡಿಯಾರ ಒತ್ತುವ ಬದಲು ಸದ್ದು ಕೇಳಿ ಒತ್ತಿದ್ದರು. ನೂರು ಮೀಟರ್ ದೂರದಿಂದ ಸದ್ದು ಬರುವಷ್ಟರಲ್ಲಿ ಓಟ ಶುರುವಾಗಿ ಮೂರು ಹತ್ತಾಂಶ ಸೆಕೆಂಡು ಕಳೆದಿರುತ್ತದೆ. ಭೌತಶಾಸ್ತ್ರ ಓದಿದ ನನಗೆ ಅದು ಮೊದಲೇ ಹೊಳೆಯಬೇಕಿತ್ತು. ಹೊಳೆದದ್ದು ಅವಳ ಕಾಲಿಗೆ. ಕೆಂಪು ಶಾಯಿಯ ಮೇಲೆ ಗೀಟು ಹೊಡೆದೆ. ತನ್ನ ಮೈ ಏನು ಮಾಡಿತು ಎಂಬ ವಿಷಯದಲ್ಲಿ ಆ ಹುಡುಗಿ ಸುಳ್ಳು ಹೇಳುವುದಿಲ್ಲ ಎಂದು ಅವತ್ತೇ ನನಗೆ ಗೊತ್ತಾಗಿತ್ತು. ಗೊತ್ತಾದದ್ದನ್ನು ಬೇಕಾದ ಹೊತ್ತಿನಲ್ಲಿ ಉಪಯೋಗಿಸಲಿಲ್ಲ, ಅಷ್ಟೇ.

ರಿಲೇ ತಂಡ ಕಟ್ಟಿದ್ದು ಅದಾಗಿ ಎರಡು ವರ್ಷಕ್ಕೆ. ನಮಗೆ ಅಭ್ಯಾಸಕ್ಕೆ ಒಳ್ಳೆಯ ಬ್ಯಾಟನ್ ಇರಲಿಲ್ಲ. ಬಿದಿರಿನ ತುಂಡು ಹಿಡಿದು ಓಡುತ್ತಿದ್ದರು. ಬಸಣ್ಣ ಅಳತೆ ಕೇಳಿಕೊಂಡು ಹೋಗಿ, ಅಲ್ಯೂಮಿನಿಯಂ ಪೈಪನ್ನು ಲೇತಿಗೆ ಹಾಕಿ, ಎರಡು ಬ್ಯಾಟನ್ ತಯಾರಿಸಿಕೊಂಡು ಬಂದರು.

"ಐವತ್ತು ಗ್ರಾಂ ಅಂದಿದ್ರಿ, ಸರ. ಒಂದು ಐವತ್ತೆರಡು ಬಂದೈತಿ. ಎರಡು ಗ್ರಾಂ ತಗೀಲೇನ್ರಿ?"

"ಐವತ್ತಕ್ಕ ಕಡಿಮಿ ಇರಬಾರದು ಅಷ್ಟ. ಹೆಚ್ಚಿಗಿದ್ರ ನಡೀತೈತಿ."

"ನಡೀತೈತಿ ಅಂದ್ರ ಆತು. ಆದ್ರ ನನಗ ನಿದ್ದಿ ಬರೂದಿಲ್ಲ," ಎಂದು ಅದನ್ನು ವಾಪಸ್ ಒಯ್ದರು. ಮೂರನೇ ದಿನ ಐವತ್ತೇ ಗ್ರಾಂ ಮಾಡಿ ತಂದುಕೊಟ್ಟರು.

ರಿಲೇ ಓಟ ಗೊತ್ತಿಲ್ಲದವರಿಗೆ ಎರಡು ಮಾತು. ನಾಲ್ಕು ಜನ, ತಲಾ ನೂರು ಮೀಟರ್. ಬ್ಯಾಟನ್ ಕೈ ಬದಲಾಗಬೇಕಾದದ್ದು ಇಪ್ಪತ್ತು ಮೀಟರಿನ ಒಂದು ಪಟ್ಟಿಯೊಳಗೆ. ಅದು ದಾಟಿದರೆ ತಂಡವೇ ಹೊರಗೆ. ಮುಂದೆ ನಿಂತವಳು ಹಿಂದಿನವಳು ಬಂದು ತಲುಪುವವರೆಗೆ ಕಾಯುವಂತಿಲ್ಲ, ಅವಳೂ ವೇಗ ಹಿಡಿದಿರಬೇಕು. ಅದಕ್ಕಾಗಿ ತಾನು ನಿಂತ ಗೆರೆಯಿಂದ ಹಿಂದಕ್ಕೆ ಇಷ್ಟು ದೂರದಲ್ಲಿ ಒಂದು ಗುರುತು ಮಾಡಿಕೊಳ್ಳುತ್ತಾಳೆ. ಹಿಂದಿನವಳ ಕಾಲು ಆ ಗುರುತಿಗೆ ಬಿದ್ದ ಕ್ಷಣ ಇವಳು ಹೊರಡಬೇಕು, ತಿರುಗಿ ನೋಡುವಂತಿಲ್ಲ. ಬೂದಿ ಟ್ರ್ಯಾಕ್ ಇದ್ದಾಗ ಸ್ಪೈಕಿನಿಂದ ಗೀರು ಎಳೆಯುತ್ತಿದ್ದರು. ಸಿಂಥೆಟಿಕ್ ಟ್ರ್ಯಾಕ್ ಬಂದ ಮೇಲೆ ಬಿಳಿ ಪ್ಲಾಸ್ಟರ್ ತುಂಡು ಅಂಟಿಸುವುದು ಶುರುವಾಯಿತು.

ಆ ದೂರವನ್ನು ಅಳೆಯುವುದು ಟೇಪಿನಿಂದಲ್ಲ, ಸ್ವಂತ ಪಾದದಿಂದ. ಹಿಮ್ಮಡಿ, ಬೆರಳು, ಹಿಮ್ಮಡಿ, ಬೆರಳು. ಎಲ್ಲ ಊರಿನಲ್ಲೂ ಹೀಗೇ. ತಿಂಗಳುಗಟ್ಟಲೆ ಓಡಿಸಿ, ಒಂದು ಪಾದ ಹೆಚ್ಚಿಸಿ, ಅರ್ಧ ಪಾದ ಕಡಿಮೆ ಮಾಡಿ, ಕೊನೆಗೆ ಒಂದು ಸಂಖ್ಯೆಗೆ ಬರುತ್ತೇವೆ. ಮಹಾನಂದಾಳದು ಇಪ್ಪತ್ತಮೂರು. ಎರಡನೆಯವಳಾಗಿ ಓಡಿ ಬಂದು ಅವಳಿಗೆ ಬ್ಯಾಟನ್ ಕೊಡುತ್ತಿದ್ದವಳು ವಿಜಯಾ ಎಂಬ ತೆಲುಗು ಹುಡುಗಿ. ನಾನು ಬ್ಯಾಟನ್ ಪಡೆಯುವ ಮೂವರ ಸಂಖ್ಯೆಗಳನ್ನೂ ಬಾಯಿಪಾಠ ಮಾಡಿಕೊಂಡಿದ್ದೆ. ಕೇಳಿದರೆ ತಟ್ಟನೆ ಹೇಳುತ್ತಿದ್ದೆ, ಅದೊಂದು ಹೆಮ್ಮೆ.

ಅಂತರರಾಜ್ಯ ಕೂಟ ನಮ್ಮ ಊರಿನಲ್ಲೇ ನಡೆದ ವರ್ಷ, ಕೊನೆಯ ದಿನದ ಮಧ್ಯಾಹ್ನ ರಿಲೇ ಫೈನಲ್. ನಮ್ಮದು ನಾಲ್ಕನೇ ಲೇನ್ ಎಂದು ನನ್ನ ಡೈರಿ ಹೇಳುತ್ತದೆ. ನನಗೆ ಆರನೆಯದು ಎಂದು ನೆನಪು. ಇಂಥ ನೆನಪನ್ನು ನಂಬಿ ಬರೆಯುತ್ತಿದ್ದೇನೆ, ಓದುವವರು ಎಚ್ಚರದಿಂದಿರಿ. ಮಹಾನಂದಾ ಅದಕ್ಕೆ ಸ್ವಲ್ಪ ಮುಂಚೆ ಇನ್ನೂರು ಮೀಟರ್ ಫೈನಲ್ ಓಡಿ ನಾಲ್ಕನೆಯವಳಾಗಿ, ಮೀನಖಂಡ ಹಿಡಿದುಕೊಂಡು, ಶಾಮಿಯಾನಾದ ಕೆಳಗೆ ಮಲಗಿದ್ದಳು. ಒಬ್ಬಾಕೆ ಕಾಲು ತಿಕ್ಕುತ್ತಿದ್ದಳು. ಬ್ಯಾಟನ್ ಪಡೆಯುವ ಉಳಿದ ಇಬ್ಬರು ಗುರುತು ಅಂಟಿಸಿ ಬಂದಿದ್ದರು. ಅಧಿಕಾರಿಗಳು ಟ್ರ್ಯಾಕ್ ಖಾಲಿ ಮಾಡಿ ಎಂದು ಕೂಗುತ್ತಿದ್ದರು.

"ಸರ, ನನ್ನ ಗುರುತು ಹಚ್ಚಿಲ್ರಿ," ಎಂದು ಎದ್ದಳು.

"ಮಲಕ್ಕೋ ನೀ. ನಾ ಹಚ್ತೀನಿ. ಇಪ್ಪತ್ಮೂರಲ್ಲ?"

"ಹೌದ್ರಿ, ಇಪ್ಪತ್ಮೂರು."

ಓಡಿ ಹೋದೆ. ಗೆರೆಯಿಂದ ಹಿಂದಕ್ಕೆ ಎಣಿಸಿದೆ. ಹಿಮ್ಮಡಿ, ಬೆರಳು. ಇಪ್ಪತ್ತಮೂರಕ್ಕೆ ಪ್ಲಾಸ್ಟರ್ ಅಂಟಿಸಿ, ಅಂಗೈಯಿಂದ ಒತ್ತಿ, ಹೊರಗೆ ಬಂದೆ. ಅಲ್ಲಿಂದ ಮುಂದಿನ ಎರಡು ನಿಮಿಷಗಳಲ್ಲೇ ನನ್ನ ಎರಡು ನೆನಪುಗಳು ಬೇರೆ ಬೇರೆಯಾಗುತ್ತವೆ.

ಓಟ ಶುರುವಾಯಿತು. ಮೊದಲ ಬದಲಾವಣೆ ಸುಸೂತ್ರ. ವಿಜಯಾ ಎರಡನೆಯ ಸ್ಥಾನದಲ್ಲಿ ಬರುತ್ತಿದ್ದಳು. ಮಹಾನಂದಾ ಹೊರಟಳು, ಕೈ ಹಿಂದಕ್ಕೆ ಚಾಚಿದಳು. ವಿಜಯಾ ಕೈ ಮುಂದೆ ಚಾಚಿದಳು. ಇಬ್ಬರ ನಡುವೆ ಒಂದು ಮೊಳ. ಆ ಮೊಳ ಕರಗಲೇ ಇಲ್ಲ. ವಿಜಯಾ "ಆಗು, ಆಗು!" ಎಂದು ತೆಲುಗಿನಲ್ಲಿ, ನಿಲ್ಲು ನಿಲ್ಲು ಎಂದು, ಚೀರಿದ್ದು ನಾನಿದ್ದಲ್ಲಿಗೂ ಕೇಳಿಸಿತು. ಬ್ಯಾಟನ್ ಕೈ ಸೇರಿದಾಗ ಪಟ್ಟಿ ದಾಟಿತ್ತು. ಅಂಪೈರ್ ಧ್ವಜ ಎತ್ತಿದ. ನಮ್ಮ ತಂಡ ಗುರಿ ಮುಟ್ಟಿತು, ಮೂರನೆಯ ಸ್ಥಾನದಲ್ಲಿ. ಫಲಿತಾಂಶದ ಪಟ್ಟಿಯಲ್ಲಿ ನಮ್ಮ ಹೆಸರಿರಲಿಲ್ಲ.

ಮಹಾನಂದಾ ಅಳಲಿಲ್ಲ. ನೇರ ನನ್ನ ಹತ್ತಿರ ಬಂದಳು.

"ಸರ, ನಾ ಮೊದಲ ಹೊಂಟಿಲ್ರಿ. ವಿಜಯಾನ ಕಾಲು ಗುರುತಿನ ಮ್ಯಾಲ ಬಿದ್ದಮ್ಯಾಲ ಹೊಂಟೀನಿ."

"ನಿನಗ ಕಾಲು ನೋಯಾಕತ್ತಿತ್ತು, ಆತುರ ಮಾಡೀದಿ. ಇರಲಿ ಬಿಡು."

"ಆತುರ ಮಾಡಿಲ್ರಿ," ಎಂದಳು. ಒಂದೇ ಸಲ. ಮತ್ತೆ ಹೇಳಲಿಲ್ಲ.

ಸಂಜೆ ನಮ್ಮ ಸಂಘದ ಸೆಕ್ರೆಟರಿ ಸಾಹೇಬರು ಕರೆಸಿದರು. ನನ್ನ ಓದಿನ ಮೇಲೆ ಅವರಿಗೆ ಸದಾ ಒಂದು ಕಣ್ಣು. ನಾನು ಟ್ರ್ಯಾಕಿನ ಶಾಖ, ದಣಿವು, ಪ್ರತಿಕ್ರಿಯೆಯ ಸಮಯ ಎಂದು ಶುರು ಮಾಡಿದೆ.

"ಪ್ರೊಫೆಸರ್ ಸಾಬ್, ಲಂಬಾ ಕಹಾನಿ ನಕ್ಕೋ," ಎಂದರು. ಉದ್ದ ಕಥೆ ಬೇಡ, ಯಾರ ತಪ್ಪು ಅಂತ ಒಂದು ಸಾಲು ಬರೆದುಕೊಡಿ, ಸಾಕು ಎಂದರು.

ಬರೆದುಕೊಟ್ಟೆ. ಮೂರನೇ ಓಟಗಾರ್ತಿ ಆತುರಪಟ್ಟು ಗುರುತಿಗೆ ಮೊದಲೇ ಹೊರಟದ್ದರಿಂದ ತಂಡ ಅನರ್ಹವಾಯಿತು. ಇಂಗ್ಲಿಷಿನಲ್ಲಿ ಇನ್ನೂ ಚಿಕ್ಕದಾಗಿತ್ತು. ಆ ಕ್ಷಣ ನನಗೆ ಯಾವ ಅನುಮಾನವೂ ಇರಲಿಲ್ಲ. ಎಲ್ಲವನ್ನೂ ಅನುಮಾನಿಸುತ್ತೇನೆಂದು ಹೆಸರಾದವನು ನಾನು. ಅವತ್ತು ಮಾತ್ರ ಆಗಲಿಲ್ಲ.

ಮುಂದಿನ ವರ್ಷ ರಿಲೇ ತಂಡದಲ್ಲಿ ಅವಳ ಜಾಗಕ್ಕೆ ಬೇರೆ ಹುಡುಗಿ ಬಂದಳು. ಅವಸರದವಳು, ನಂಬುವ ಹಾಗಿಲ್ಲ ಎಂದು ಆಯ್ಕೆಗಾರರು ನನ್ನ ಸಾಲನ್ನೇ ಓದಿ ಹೇಳಿದರು. ಆ ತಂಡಕ್ಕೆ ಬೆಳ್ಳಿ ಬಂತು. ಆರು ತಿಂಗಳಲ್ಲಿ ನಾಲ್ವರಿಗೂ ಸರ್ಕಾರಿ ಕಚೇರಿಯೊಂದರಲ್ಲಿ ನೌಕರಿಯಾಯಿತು. ಮಹಾನಂದಾ ಇನ್ನೂ ಎರಡು ವರ್ಷ ಒಬ್ಬಳೇ ಇನ್ನೂರು ಮೀಟರ್ ಓಡಿದಳು. ಒಂದು ಮಳೆಗಾಲ ತೊಡೆಯ ಹಿಂಭಾಗದ ಸ್ನಾಯು ಹರಿಯಿತು. ವಾಸಿಯಾಗುವಷ್ಟರಲ್ಲಿ ಮದುವೆಯಾಯಿತು. ಬಸಣ್ಣ ಒಮ್ಮೆ ದಾರಿಯಲ್ಲಿ ಸಿಕ್ಕರು. ನೌಕರಿಯ ಮಾತು ಎತ್ತಲಿಲ್ಲ. "ಆ ಬ್ಯಾಟನ್ ಇನ್ನೂ ಅದಾವೇನ್ರಿ, ಸರ?" ಎಂದಷ್ಟೇ ಕೇಳಿದರು. ಇವೆ ಎಂದೆ. ಆಗಲೇ ಅವು ಎಲ್ಲೋ ಕಳೆದಿದ್ದವು.

ಆಮೇಲೆ ಕೆಲಸ ಬದಲಾಯಿತು. ಕೈಗಡಿಯಾರ ಹೋಗಿ ವಿದ್ಯುತ್ ಗಡಿಯಾರ ಬಂತು. ಸೆಕೆಂಡಿನ ನೂರರಲ್ಲೊಂದು ಭಾಗದ ಬಗ್ಗೆ ಜಗಳವಾಡತೊಡಗಿದೆವು. ಈಗಿನ ಕೋಚುಗಳು ಫೋನಿನಲ್ಲಿ ಚಿತ್ರ ತೆಗೆದು, ನಿಧಾನ ಮಾಡಿ, ಯಾರ ಕಾಲು ಎಲ್ಲಿ ಬಿತ್ತು ಎಂದು ತೋರಿಸುತ್ತಾರೆ. ಆಗ ನಮ್ಮ ಬಳಿ ಇದ್ದದ್ದು ಇಬ್ಬರ ಬಾಯಿಮಾತು. ಅದರಲ್ಲಿ ನಾವು ದೊಡ್ಡವರ ಮಾತನ್ನು ಆರಿಸಿಕೊಳ್ಳುತ್ತಿದ್ದೆವು. ಗುರುತಿನ ಪಾದ ಎಣಿಕೆ ಮಾತ್ರ ಇನ್ನೂ ಹಾಗೇ ಇದೆ.

ನಿವೃತ್ತಿಯಾಗಿ ಮಿಯಾಪುರದ ಅಪಾರ್ಟ್‌ಮೆಂಟಿಗೆ ಬಂದ ವಾರ, ಮಲಗುವ ಕೋಣೆಯಲ್ಲಿ ಮಂಚ ಹಿಡಿಯುತ್ತದೆಯೇ ಎಂದು ನೋಡಬೇಕಿತ್ತು. ಟೇಪ್ ಯಾವುದೋ ಪೆಟ್ಟಿಗೆಯಲ್ಲಿ ಸೇರಿಕೊಂಡಿತ್ತು. ಹೆಂಡತಿ ಹಳೆಯ ಮನೆಯಲ್ಲಿ ಮಂಚವನ್ನು ಪಾದದಿಂದ ಅಳೆದು ಒಂಬತ್ತು ಎಂದು ಚೀಟಿ ಬರೆದುಕೊಂಡಿದ್ದಳು. ನಾನು ಇಲ್ಲಿ ಗೋಡೆಯ ಪಕ್ಕ ಅಳೆದೆ.

"ಎಂಟು ಪಾದ ಜಾಗ ಐತಿ. ಹಿಡಿಯೂದಿಲ್ಲ," ಎಂದೆ.

"ಎಂಟು ಯಾರ ಪಾದ? ನಿಮ್ಮ ಕಾಲು ನೋಡ್ಕೋರಿ, ದೋಣಿ ಇದ್ದಂಗ ಅದಾವ. ಸರೀರಿ, ನಾ ಅಳೀತೀನಿ." ಅಳೆದಳು. "ಹತ್ತು ಆತು ನೋಡ್ರಿ. ಆರಾಮ ಹಿಡೀತೈತಿ. ಇಷ್ಟು ಓದಿ ಏನ್ ಮಾಡಿದ್ರಿ?"

ನಾನು ಅಲ್ಲೇ ನೆಲದ ಮೇಲೆ ಕೂತೆ. ಮಂಡಿ ನೋವೇ ಎಂದು ಕೇಳಿದಳು. ಹೌದೆಂದೆ.

ಇಪ್ಪತ್ತಮೂರು. ಯಾರ ಪಾದ? ಪಾಠ ಹೇಳುತ್ತಿದ್ದಾಗ, ಲೆಕ್ಕದ ಉತ್ತರದ ಮುಂದೆ ಮೀಟರೋ ಸೆಕೆಂಡೋ ಬರೆಯದೆ ಬಿಟ್ಟವರಿಗೆ ಸೊನ್ನೆ ಹಾಕುತ್ತಿದ್ದೆ. ನನ್ನ ಶೂ ಹನ್ನೊಂದನೇ ನಂಬರು. ಅವಳದು ನಾಲ್ಕು. ನನ್ನ ಪಾದದಲ್ಲಿ ಅಳೆದರೆ ಗುರುತು ಒಂದು ಮೀಟರಿಗೂ ಹೆಚ್ಚು ಹಿಂದೆ ಹೋಗುತ್ತದೆ. ವಿಜಯಾ ಅಷ್ಟು ದೂರವಿರುವಾಗಲೇ ಇವಳು ಹೊರಡುತ್ತಾಳೆ. ಗುರುತಿಗೆ ಸರಿಯಾಗಿ ಹೊರಟರೂ ಕೈಗೆ ಸಿಗುವುದಿಲ್ಲ. ಅವಳು ಮತ್ತೊಮ್ಮೆ ಅಳೆದಿದ್ದರೆ ಮಾತ್ರ ನಾನು ಉಳಿಯುತ್ತೇನೆ.

ಹೋಗಿ ಕೇಳಲು ನನಗೆ ಎರಡು ವರ್ಷ ಬೇಕಾಯಿತು. ಅದಕ್ಕೆ ಕಾರಣ ಹುಡುಕುವುದಿಲ್ಲ.

ಮಹಾನಂದಾ ಈಗ ಅಮೀರ್‌ಪೇಟೆಯಲ್ಲಿ ಒಂದು ಲೇಡೀಸ್ ಹಾಸ್ಟೆಲಿನ ವಾರ್ಡನ್. ಸಾಫ್ಟ್‌ವೇರ್ ತರಬೇತಿಗೆ ಬಂದ ನೂರಾರು ಹುಡುಗಿಯರು, ಕೆಳಗೆ ಮೆಟ್ರೋ ಕಂಬಗಳಿಗೆ ಅಗೆದ ಗುಂಡಿ, ಮೇಲೆ ಒಣಗಿಸಿದ ಬಟ್ಟೆ. ನಾನು ಹೋದಾಗ ಒಬ್ಬಳು "ಅಕ್ಕಾ, ಟಿಫಿನ್ ಅಯಿಪೋಯಿಂದಾ?" ಎಂದು ಮೆಟ್ಟಿಲ ಮೇಲಿಂದ ಕೂಗಿದಳು. ಟಿಫಿನ್ ಮುಗಿಯಿತಾ ಎಂದು. "ಬೋರ್ಡ್ ಚೂಡು, ತಲ್ಲಿ," ಎಂದು ಇವಳು ಗೋಡೆಯ ಸಮಯಪಟ್ಟಿ ತೋರಿಸಿದಳು. ಕೂದಲು ನರೆತಿತ್ತು. ನಡಿಗೆ ಅದೇ.

ಚಹಾ ಬಂತು. ನಾನು ಎಲ್ಲಿಂದಲೋ ಶುರು ಮಾಡಿದೆ, ಶಾಲೆಯ ಕೂಟ, ಬರಿಗಾಲು, ಕಾಂಪೌಂಡ್ ಗೋಡೆ.

"ಅದು ನಾ ಅಲ್ರಿ, ಸರ. ಗ್ವಾಡಿತನಕ ಓಡಿದಾಕಿ ನಮ್ಮ ಕ್ಲಾಸಿನ ಇನ್ನೊಬ್ಬಾಕಿ. ನಾ ಅವತ್ತು ಮೂರನೇದಾಕಿ ಬಂದಿದ್ದೆ. ಮೂರನೇದಾಕೀನ ಯಾಕ ಆರಿಸಿದ್ರಿ ಅಂತ ನಮ್ಮಪ್ಪ ಸಾಯೂತನಕ ಕೇಳಾಕತ್ತಿದ್ದ."

ಬಸಣ್ಣ ಹೋದದ್ದು ನನಗೆ ಗೊತ್ತಿರಲಿಲ್ಲ. ಚಹಾ ಮುಗಿಸಿದೆ. ಆಮೇಲೆ ಕೇಳಿಯೇಬಿಟ್ಟೆ.

"ನಂದಾ, ಆ ರಿಲೇ ದಿನ ನಾ ಗುರುತು ಹಚ್ಚಿದಮ್ಯಾಲ ನೀ ಮತ್ತ ಅಳದಿದ್ದೇನು?"

"ಇಲ್ರಿ. ನೀವು ಹಚ್ಚೀರಿ ಅಂದಮ್ಯಾಲ ನಾ ಯಾಕ ಅಳೀಲಿ?"

ನಾನು ಹೇಳಬೇಕಾದ್ದನ್ನು ಹೇಳಿದೆ. ನನ್ನ ಶೂ, ಅವಳ ಶೂ, ಆ ಸಾಲು. ಅವಳು ಚಹಾದ ಲೋಟ ತಿರುಗಿಸುತ್ತ ಕೇಳಿಸಿಕೊಂಡಳು.

"ಇದನ್ನ ಹೇಳಾಕ ಮಿಯಾಪುರದಿಂದ ಬಸ್ ಹತ್ತಿ ಬಂದ್ರೇನು? ನನಗ ಅವತ್ತ ಗೊತ್ತಾತ್ರಿ. ಬಹುಮಾನ ಕೊಡಾಕತ್ತಿದ್ರಲ್ಲ, ಎಲ್ಲಾರೂ ಆ ಕಡೆ ಇದ್ರು. ನಾ ಹೋಗಿ ಗೆರಿಯಿಂದ ನಿಮ್ಮ ಪ್ಲಾಸ್ಟರ್ ತನಕ ಅಳದೆ. ಇಪ್ಪತ್ತೆಂಟು ಆಗಿ ಮ್ಯಾಲ ಇನ್ನಷ್ಟು ಉಳೀತು, ಒಂದು ಪಾದಕ್ಕ ಸ್ವಲ್ಪ ಕಡಿಮಿ."

"ಯಾಕ ಹೇಳಲಿಲ್ಲ?"

"ಹೇಳಾಕ ಬಂದೆ. ನೀವು ಆಫೀಸಿನಿಂದ ಬರಾಕತ್ತಿದ್ರಿ. ಬರದು ಕೊಟ್ಟು ಬಂದೆ, ಮುಗೀತು ಅಂದ್ರಿ. ಮುಗೀತು ಅಂದಮ್ಯಾಲ ಏನ್ ಹೇಳ್ಲಿ? ಮತ್ತ ನಮ್ಮಪ್ಪಗ ನಿಮ್ಮ ಮ್ಯಾಲ ಭಾಳ ನಂಬಿಕಿ. ಎರಡು ಗ್ರಾಂ ತಗದ ಮನಿಶ್ಯಾ. ನಿಮ್ಮ ಅಳತಿ ತಪ್ಪು ಅಂತ ಅವಗ ಹೆಂಗ ಹೇಳ್ಲಿ?"

"ಸಿಟ್ಟು ಬರಲಿಲ್ಲೇನು?"

"ಬಂದಿತ್ತು. ಹತ್ತು ವರ್ಷ ಇತ್ತು. ಆಮ್ಯಾಲ ಹಾಸ್ಟೆಲ್ ಕೆಲಸಾನ ಭಾಳ ಆತ್ರಿ." ನಕ್ಕಳು. "ಈ ಹುಡುಗ್ಯಾರಿಗೆ ಹೇಳ್ತಿರ್ತೀನಿ, ನಿಮ್ಮ ಫಾರ್ಮು ನೀವ ತುಂಬ್ರಿ, ಯಾರ ಕೈಯಾಗೂ ಕೊಡಬ್ಯಾಡ್ರಿ ಅಂತ."

ಸಂಘದ ಕಚೇರಿಗೆ ಹೋಗಿ ಆ ಸಾಲನ್ನು ತಿದ್ದಲು ಅರ್ಜಿ ಕೊಟ್ಟೆ. ಹಳೆಯ ಕಡತಗಳು ಕಟ್ಟಡ ಬದಲಾಯಿಸುವಾಗ ಹೋದವು ಎಂದು ಅಲ್ಲಿಯ ಹೊಸಬರು ಮರ್ಯಾದೆಯಿಂದಲೇ ಹೇಳಿದರು. ಹಾಗಾಗಿ ತಿದ್ದುಪಡಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಮೂರನೇ ಓಟಗಾರ್ತಿ ಗುರುತಿಗೆ ಸರಿಯಾಗಿ ಹೊರಟಳು. ಗುರುತು ತಪ್ಪಾಗಿತ್ತು. ಅಂಟಿಸಿದವನು ಕೋಚ್.

ಆದರೂ ನನ್ನ ಹಳೆಯ ರೋಗ ಬಿಡಲಿಲ್ಲ. ನನ್ನ ನೆನಪನ್ನು ನಂಬದವನು ಅವಳ ನೆನಪನ್ನು ಹೇಗೆ ನಂಬಲಿ? ಅದಕ್ಕೇ ಹೊರಡುವಾಗ ಅವಳ ಹಳೆಯ ಸ್ಪೈಕ್ ಶೂ ಇದೆಯೇ ಎಂದು ಕೇಳಿದ್ದೆ. ಟ್ರಂಕಿನಿಂದ ಒಂದನ್ನು ತೆಗೆದುಕೊಟ್ಟು, "ವಾಪಸ್ ತಂದುಕೊಡ್ರಿ ಮತ್ತ," ಎಂದಿದ್ದಳು.

ಅವಳನ್ನು ನೋಡಿ ಬಂದ ಮರುದಿನ ಬೆಳಿಗ್ಗೆ ನಮ್ಮ ಮಹಡಿಯ ಉದ್ದನೆಯ ಕಾರಿಡಾರಿನಲ್ಲಿ ಸೀಮೆಸುಣ್ಣದಿಂದ ಒಂದು ಗೆರೆ ಎಳೆದೆ. ಹನ್ನೊಂದನೇ ನಂಬರಿನ ನನ್ನ ಶೂ ಹಾಕಿಕೊಂಡು, ಹಿಮ್ಮಡಿ, ಬೆರಳು, ಇಪ್ಪತ್ತಮೂರು ಎಣಿಸಿ ಇನ್ನೊಂದು ಗೆರೆ ಎಳೆದೆ. ಹೆಂಡತಿಗೆ ಮಹಾನಂದಾಳ ಶೂ ಕೊಟ್ಟು, ಈ ಗೆರೆಯಿಂದ ಆ ಗೆರೆಗೆ ಎಷ್ಟು ಸಲ ಬರುತ್ತದೆ ನೋಡು ಎಂದೆ. ಯಾಕೆ ಎಂದು ಹೇಳಲಿಲ್ಲ, ಸಂಖ್ಯೆಯನ್ನೂ ಹೇಳಲಿಲ್ಲ. ಅವಳು ಸೆರಗು ಸಿಕ್ಕಿಸಿಕೊಂಡು, ಗೊಣಗುತ್ತ, ಬಗ್ಗಿ ಎಣಿಸುತ್ತ ಹೋದಳು. ಪಕ್ಕದ ಮನೆಯವರು ಬಾಗಿಲು ತೆರೆದು ನೋಡಿ ಮುಚ್ಚಿಕೊಂಡರು. ಕೊನೆಯ ಗೆರೆಯ ಹತ್ತಿರ ಸೊಂಟ ಹಿಡಿದುಕೊಂಡು ನೆಟ್ಟಗೆ ನಿಂತಳು.

"ಇಪ್ಪತ್ತೆಂಟು ಆತ್ರಿ. ಇನ್ನ ಮುಕ್ಕಾಲು ಬೂಟಿನಷ್ಟು ಜಾಗ ಉಳೀತು."